ಮಕ್ಕಳೊಡನೆ ದಸರೆಗೆ

ಹಬ್ಬದ ಜನಸಂದಣಿಗೆ ಎಳೆಯ ಮಕ್ಕಳನ್ನು ಕರೆದುಕೊಂಡು ಹೋಗಬಹುದೆ, ಕೂಡದೆ ಎಂಬುದು ಪ್ರತಿಯೊಬ್ಬ ಗೃಹಸ್ಥನ ಮನೆಯಲ್ಲಿಯೂ ವರ್ಷಕ್ಕೊಮ್ಮೆಯಾದರೂ ಏಳುವ ಪ್ರಶ್ನೆ. ಹೋಗಬೇಕೆನ್ನುವವರು ಮಕ್ಕಳು, ಬೇಡವೆನ್ನುವವರು ಹಿರಿಯರು, ನಡುವೆ ಸಿಕ್ಕಿ ತೀರ್ಪು ಹೇಳಬೇಕಾದವರು ನಮ್ಮಂಥವರು. ಕಾಲು ನೋಯುತ್ತದೆ, ಬಿಸಿಲು ತಾಗುತ್ತದೆ, ಕಂಡದ್ದನ್ನೆಲ್ಲ ಬೇಡುತ್ತಾರೆ, ಕೈತಪ್ಪಿದರೆ ಗತಿಯೇನು ಎಂಬ ಹಿರಿಯರ ಮಾತು ಸುಳ್ಳಲ್ಲ. ಆದರೂ 2025ರ ನವರಾತ್ರಿಯಲ್ಲಿ ನಾವು ಧೈರ್ಯಮಾಡಿ ಮಕ್ಕಳನ್ನು ಮೈಸೂರಿನ ದಸರೆಗೆ ಕರೆದುಕೊಂಡು ಹೋಗಿ ಬಂದೆವು. ಬರುವಾಗ ಬೇಕಾದಷ್ಟು ಸಂತೋಷವನ್ನು ತಂದೆವು. ಅದರ ಜೊತೆಗೆ ಒಂದು ನಾಚಿಕೆಯನ್ನೂ ತಂದೆವು. ಸಂತೋಷದ ವಿಷಯವನ್ನು ಯಾರಾದರೂ ಬರೆದಾರು. ನಾಚಿಕೆಯ ವಿಷಯವನ್ನು ಬರೆಯತಕ್ಕವರು ಕಡಮೆ. ವಾಚಕರಿಗೆ ಹೆಚ್ಚು ಉಪಯೋಗವಾಗುವುದೂ ಅದೇ ಎಂದು ನಮಗೆ ತೋರುತ್ತದೆ. ಆದುದರಿಂದ ಈ ತಿಂಗಳ ಮಾತು ಅದನ್ನೇ ಕುರಿತದ್ದು.

ನಮ್ಮ ತಂಡದಲ್ಲಿ ಇದ್ದವರು ಆರು ಮಂದಿ: ನಾವು, ನಮ್ಮ ಮನೆಯವರು, ಎಪ್ಪತ್ತು ದಾಟಿದ ನಮ್ಮ ತಾಯಿಯವರು, ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ, ಮತ್ತು ಮೂರು ವರ್ಷದ ನಮ್ಮ ತಮ್ಮನ ಮಗು. ಇಂಥ ತಂಡವನ್ನು ಕಟ್ಟಿಕೊಂಡು ವಿಜಯದಶಮಿಯ ದಿನ ಜಂಬೂ ಸವಾರಿಗೆ ಹೋಗುವುದು ಬುದ್ಧಿವಂತಿಕೆಯಲ್ಲವೆಂದು ಮೊದಲೇ ನಿಶ್ಚಯಿಸಿಕೊಂಡೆವು. ಅಂದು ಬೆಳಗಿನಿಂದ ಬಿಸಿಲಿನಲ್ಲಿ ಕಾದು ಕುಳಿತು, ಆನೆಗಳು ಬರುವ ವೇಳೆಗೆ ಮಕ್ಕಳು ನಿದ್ರೆಮಾಡುವುದನ್ನು ಯಾರು ಕಂಡಿಲ್ಲ? ಆ ವರ್ಷ ಹಬ್ಬ ಹನ್ನೊಂದು ದಿನ ಬಂದಿತ್ತು. ನಡುವಣ ಒಂದು ದಿನವನ್ನು ಆರಿಸಿದೆವು. ಪ್ರತಿಯೊಂದು ಮಗುವಿನ ಜೇಬಿನಲ್ಲಿಯೂ ನಮ್ಮ ದೂರವಾಣಿಯ ಸಂಖ್ಯೆಯನ್ನು ಬರೆದ ಚೀಟಿಯನ್ನು ಇಟ್ಟೆವು. ಕೈತಪ್ಪಿದರೆ ನಿಂತಲ್ಲಿಯೇ ನಿಲ್ಲಬೇಕು, ಅಳುತ್ತ ಓಡಬಾರದು, ಸಮವಸ್ತ್ರದ ಪೋಲೀಸಿನವರನ್ನಾಗಲಿ ಮಕ್ಕಳನ್ನು ಎತ್ತಿಕೊಂಡ ತಾಯಂದಿರನ್ನಾಗಲಿ ಕೇಳಬೇಕು ಎಂದು ಎರಡು ಸಾರಿ ಹೇಳಿ, ಮೂರನೆಯ ಸಾರಿ ಅವರ ಬಾಯಿಂದಲೇ ಹೇಳಿಸಿದೆವು. ಬುತ್ತಿ, ನೀರು, ಒಂದು ಪಂಚೆ, ಎರಡು ಜೊತೆ ಬಟ್ಟೆ. ಇಷ್ಟಾದ ಮೇಲೆ ಮಂಡ್ಯದ ನಿಲ್ದಾಣದಲ್ಲಿ ಬೆಳಗಿನ ರೈಲನ್ನು ಹತ್ತಿದೆವು.

ಶ್ರೀರಂಗಪಟ್ಟಣದ ಬಳಿ ರೈಲು ಕಾವೇರಿಯನ್ನು ದಾಟುವಾಗ ಮಕ್ಕಳೆಲ್ಲ ಕಿಟಕಿಗೆ ಮುತ್ತಿದರು. ನಮ್ಮ ತಾಯಿಯವರು ಹೊಳೆಗೆ ಕೈಮುಗಿದು, "ದಸರೆ ಹುಟ್ಟಿದ್ದು ಮೈಸೂರಿನಲ್ಲಲ್ಲ ಮಕ್ಕಳೆ, ಇಲ್ಲಿ" ಎಂದರು. ನಿಜವಾದ ಮಾತು. ರಾಜ ಒಡೆಯರು 1610ರಲ್ಲಿ ಈ ಪಟ್ಟಣವನ್ನು ಹಿಡಿದು ಇಲ್ಲಿಯೇ ನವರಾತ್ರಿಯ ಉತ್ಸವವನ್ನು ಪ್ರಾರಂಭಿಸಿದರು. ಅದಕ್ಕೆ ಮೇಲ್ಪಂಕ್ತಿ ವಿಜಯನಗರದ ಮಹಾನವಮಿ. ಆ ಮಹಾನವಮಿಯ ವೈಭವ ನಮಗೆ ತಿಳಿದಿರುವುದು ಹೇಗೆ? 1443ರಲ್ಲಿ ಪಾರಸಿಕ ದೊರೆಯ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನೂ, 1520ರ ಸುಮಾರಿಗೆ ಬಂದ ಪೋರ್ಚುಗಲ್ ದೇಶದ ಡೊಮಿಂಗೊ ಪಾಯೆಸನೂ ಕಣ್ಣಾರೆ ಕಂಡು ಬರೆದಿಟ್ಟದ್ದರಿಂದ. ಇದನ್ನು ಹೇಳಿದಾಗ ನಮ್ಮ ಮಗಳು ಸ್ವಲ್ಪ ಯೋಚಿಸಿ, "ಹಾಗಾದರೆ ನಮ್ಮ ಹಬ್ಬವನ್ನು ನಮಗೆ ಹೇಳಿಕೊಟ್ಟವರು ಬೇರೆಯವರೇ ಅಪ್ಪ?" ಎಂದಳು. ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕಿಂತ ಅವನ್ನು ಜ್ಞಾಪಕದಲ್ಲಿಟ್ಟುಕೊಳ್ಳುವುದು ಕೆಲವು ಸಾರಿ ಮೇಲು. ನಾವು ಹಾಗೆಯೇ ಮಾಡಿದೆವು.

ಮೈಸೂರಿಗೆ ಬಂದು, ಅರಮನೆಯ ಆವರಣದಲ್ಲಿ ಮೊದಲು ಹೋದದ್ದು ಆನೆಗಳ ಬೀಡಿಗೆ. ದೊಡ್ಡವರಿಗೆ ದಸರೆಯೆಂದರೆ ಅಂಬಾರಿ. ಮಕ್ಕಳಿಗೆ ದಸರೆಯೆಂದರೆ ಆನೆ. ಈ ಆನೆಗಳು ಹಬ್ಬದ ದಿನ ಕಾಡಿನಿಂದ ನೇರವಾಗಿ ಬಂದು ನಿಲ್ಲುವುದಿಲ್ಲ. ಆ ವರ್ಷ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಆಗಸ್ಟ್ ತಿಂಗಳಲ್ಲಿಯೇ ಹೊರಟು ಬಂದು ಎರಡು ತಿಂಗಳ ಹತ್ತಿರ ಇಲ್ಲಿ ತಂಗಿದ್ದವು. ಅಂಬಾರಿಯ ತೂಕ 750 ಕಿಲೋ. ಅದನ್ನು ಹೊತ್ತು ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರು ನಡೆಯಬೇಕಾದ ಆನೆಗೆ ಮೊದಲು ಮರಳಿನ ಮೂಟೆಗಳನ್ನು, ಆಮೇಲೆ ಮರದ ಅಂಬಾರಿಯನ್ನು ಹೊರಿಸಿ ದಿನವೂ ಅದೇ ದಾರಿಯಲ್ಲಿ ನಡೆಸುವರು. ಇದಕ್ಕೆ ತಾಲೀಮು ಎಂದು ಹೆಸರು. ತಾಲೀಮು ಮಾಡುವ ಪೈಲವಾನನಿಗೆ ಊಟವೂ ಹಾಗೆಯೇ ಇರಬೇಡವೆ? ಉದ್ದು, ಹೆಸರುಕಾಳು, ಗೋಧಿ, ಕುಸುಬಲಕ್ಕಿ, ಈರುಳ್ಳಿ, ತರಕಾರಿ ಎಲ್ಲವನ್ನೂ ಬೇಯಿಸಿ, ಬೆಣ್ಣೆ ಕಲಸಿ ಮುದ್ದೆ ಕಟ್ಟಿ ಬಾಯಿಗೆ ಇಡುವರು. ಭತ್ತದ ಹುಲ್ಲಿನೊಳಗೆ ಭತ್ತ, ಬೆಲ್ಲ, ತೆಂಗಿನಕಾಯಿ, ಹಿಂಡಿ ಇಟ್ಟು ಕಟ್ಟಿದ ಉಂಡೆಗೆ ಕುಸುರೆ ಎನ್ನುವರು. ಮನೆಯಲ್ಲಿ ಮುದ್ದೆಯನ್ನು ಕಂಡರೆ ಮುಖ ತಿರುಗಿಸುವ ನಮ್ಮ ಮಗ, ಆನೆ ಮುದ್ದೆಯನ್ನು ನುಂಗುವುದನ್ನು ಕಣ್ಣು ಮಿಟುಕಿಸದೆ ನೋಡಿದ.

ಆನೆಯೊಡನೆ ಬರುವವರು ಇಬ್ಬರು: ಮಾವುತ ಮತ್ತು ಕಾವಾಡಿ. ಅವರಲ್ಲಿ ನಾಗರಹೊಳೆ, ಬಂಡೀಪುರ, ದುಬಾರೆಯ ಕಡೆಯ ಕಾಡುಗಳಿಂದ ಬಂದ ಜೇನುಕುರುಬರು ಅನೇಕರು, ಮುಸಲ್ಮಾನರೂ ಉಂಟು. ಇವರು ಹೆಂಡತಿ ಮಕ್ಕಳೊಡನೆ ಬಂದು ಆನೆಗಳ ಪಕ್ಕದಲ್ಲಿಯೇ ಬಿಡಾರ ಹೂಡುವರು. ಎರಡು ತಿಂಗಳು ಪಾಠ ತಪ್ಪಬಾರದೆಂದು ಆ ಮಕ್ಕಳಿಗಾಗಿ ಅರಮನೆಯ ಅಂಗಳದಲ್ಲಿಯೇ ಗುಡಾರದ ಶಾಲೆಯನ್ನು ನಡೆಸುವ ವಾಡಿಕೆಯಿದೆ. ನಾವು ಹೋದಾಗ ತಾಲೀಮು ಮುಗಿಸಿ ಬಂದ ಒಂದು ಆನೆಗೆ ಸ್ನಾನ ನಡೆಯುತ್ತಿತ್ತು. ನೋಡುವವರಿಗಾಗಿ ಕಟ್ಟಿದ ಹಗ್ಗದ ಈಚೆ ನಾವು ನಿಂತೆವು. ಹಗ್ಗದ ಆಚೆ, ಒಗೆದ ಬಟ್ಟೆಗಳನ್ನು ಹರವುತ್ತಿದ್ದ ತಾಯಿಯ ಪಕ್ಕದಲ್ಲಿ ಏಳೆಂಟು ವರ್ಷದ ಒಂದು ಹುಡುಗಿ ನಿಂತಿದ್ದಳು.

ಆ ಹುಡುಗಿ ನಮ್ಮ ಮಗನನ್ನು ಮೇಲಿನಿಂದ ಕೆಳಕ್ಕೆ ನೋಡಿ, ಬಹಳ ಸಹಜವಾಗಿ, "ನಿಮ್ಮ ಆನೆ ಯಾವುದು?" ಎಂದು ಕೇಳಿದಳು. ಪ್ರತಿಯೊಂದು ಮನೆಗೂ ಒಂದು ಆನೆ ಇರುವುದು ಅವಳು ಕಂಡ ಲೋಕದ ರೀತಿ. ನಮ್ಮವನು ಸುತ್ತ ನೋಡಿದ; ನಮ್ಮ ಮುಖವನ್ನು ನೋಡಿದ. ತನಗೆ ಆನೆಯಿಲ್ಲವೆಂಬ ಸಂಗತಿ ಅವನಿಗೆ ಆ ದಿನದವರೆಗೆ ಹೊಳೆದಿರಲಿಲ್ಲ. "ನಮಗೆ ಆನೆ ಇಲ್ಲ" ಎಂದ. ಹುಡುಗಿ ಕನಿಕರದಿಂದ ತಲೆಯಾಡಿಸಿದಳು. ಆ ಕನಿಕರ ಅವನಿಗೆ ಚುಚ್ಚಿರಬೇಕು. ಕೂಡಲೇ ಗಟ್ಟಿಯಾಗಿ, ಸುತ್ತಲಿದ್ದವರಿಗೆಲ್ಲ ಕೇಳುವಂತೆ, "ನೀವು ಕಾಡಿನವರು. ಕಾಡಿನವರು ಸ್ನಾನವನ್ನೇ ಮಾಡುವುದಿಲ್ಲ" ಎಂದುಬಿಟ್ಟ.

ಬಟ್ಟೆ ಹರವುತ್ತಿದ್ದ ತಾಯಿಯ ಕೈ ನಿಂತಿತು. ಆಕೆ ಏನೂ ಹೇಳಲಿಲ್ಲ. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು, ಅಷ್ಟೆ. ಪಕ್ಕದಲ್ಲಿ ನಿಂತಿದ್ದ ಇಬ್ಬರು ಮೂವರು ಪೇಟೆಯವರು ಮಗುವಿನ ಮಾತೆಂದು ನಕ್ಕರು. ಆ ನಗು ನಮಗೆ ಮಾತಿಗಿಂತ ಹೆಚ್ಚು ಕೆಟ್ಟದ್ದಾಗಿ ಕೇಳಿಸಿತು. ಮಗನ ಕಿವಿಯನ್ನು ಹಿಂಡುವುದಕ್ಕೆ ನಮ್ಮ ಕೈ ಮೇಲಕ್ಕೆ ಹೋಯಿತು. ಹೋದ ಕೈ ಅಲ್ಲಿಯೇ ನಿಂತಿತು. ಏಕೆಂದರೆ ಆ ಮಾತು ಯಾರದೆಂದು ನಮಗೆ ಆ ಕ್ಷಣದಲ್ಲಿ ಗುರುತು ಸಿಕ್ಕಿತು. ದಿನವೂ ಬೆಳಗ್ಗೆ ಬಚ್ಚಲಿಗೆ ಹೋಗದೆ ಹಟಮಾಡುವ ಅವನಿಗೆ, "ಕಾಡಿನವನ ಹಾಗೆ ಇದ್ದೀಯೆ, ಏಳು, ಸ್ನಾನ ಮಾಡು" ಎಂದು ಹೇಳುತ್ತಿದ್ದವರು ಯಾರು? ಬೇರೆ ಯಾರೂ ಅಲ್ಲ, ನಾವೇ. ಒಂದು ವರ್ಷದಿಂದ ಹೇಳಿದ್ದೆವು. ಕಾಡಿನವರನ್ನು ಕುರಿತು ಅವನು ನಮ್ಮಿಂದ ಕೇಳಿದ ಮಾತು ಅದೊಂದೇ. ಕೇಳಿದ್ದನ್ನು ಅವನು ನಂಬಿದ್ದ. ನಂಬಿದ್ದನ್ನು ಸಮಯ ಬಂದಾಗ ಉಪಯೋಗಿಸಿದ.

ನಾವು ಏನು ಹೇಳಬೇಕೆಂದು ತಿಳಿಯದೆ ನಿಂತಿರಲು, ನಮ್ಮ ತಾಯಿಯವರು ಮುಂದೆ ಬಂದರು. ವಾಚಕರಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮಡಿ, ಒಪ್ಪತ್ತು, ಆಚಾರಗಳನ್ನು ಇಂದಿಗೂ ಬಿಡದ ಅವರಿಂದ ಇಂಥ ಪ್ರವಾಸದಲ್ಲಿ ಏನಾದರೂ ಇರಿಸುಮುರಿಸಾದೀತೆಂದು ನಾವು ಮೊದಲೇ ಹೆದರಿದ್ದೆವು. ಅವರು ಹಗ್ಗದ ಹತ್ತಿರ ಹೋಗಿ, ಆ ಹೆಂಗಸಿಗೆ ಕೈಮುಗಿದು, "ತಪ್ಪಾಯಿತು ತಾಯಿ. ಆಡಿದವನು ಮಗು, ಕಲಿಸಿದವರು ನಾವು" ಎಂದರು. ಆ ಹೆಂಗಸು ಗಾಬರಿಯಾಗಿ, "ಅಯ್ಯೋ, ದೊಡ್ಡವರು, ಕೈ ಮುಗೀಬೇಡಿ" ಎಂದಳು. ಆನೆಯ ಬೆನ್ನನ್ನು ತಿಕ್ಕುತ್ತಿದ್ದ ಕಾವಾಡಿ ಅಲ್ಲಿಂದಲೇ ನಕ್ಕು, "ಬಿಡಿ ಅಮ್ಮಾವರೆ. ದಿನಾ ಇವನಿಗೆ ನೀರು ಹಾಕ್ತೀವಲ್ಲ, ಅರ್ಧ ನೀರು ನಮ್ಮ ಮೈಮೇಲೇ ಬೀಳೋದು. ನಮ್ಮಷ್ಟು ಸ್ನಾನ ಮಾಡೋರು ಈ ಮೈಸೂರಲ್ಲೇ ಇಲ್ಲ" ಎಂದ. ಅವನ ಬಟ್ಟೆಯಿಂದ ನಿಜವಾಗಿಯೂ ನೀರು ಸುರಿಯುತ್ತಿತ್ತು. ಎಲ್ಲರೂ ನಕ್ಕೆವು. ಆದರೆ ಆ ತಾಯಿ ನಗಲಿಲ್ಲವೆಂಬುದನ್ನು ನಾವು ಕಂಡೆವು. ಕ್ಷಮಿಸುವುದು ಬೇರೆ, ಮರೆಯುವುದು ಬೇರೆ. ಇಂಥ ಮಾತನ್ನು ಆಕೆ ಕೇಳಿದ್ದು ಅದೇ ಮೊದಲಲ್ಲವೆಂದು ಆಕೆಯ ಮುಖದಲ್ಲಿ ಬರೆದಿತ್ತು.

ಮಕ್ಕಳು ನಮಗಿಂತ ಬೇಗ ಮುಂದಕ್ಕೆ ಹೋದರು. ಹುಡುಗಿ ಹಗ್ಗದ ಹತ್ತಿರ ಬಂದು, ಯಾವ ಆನೆಗೆ ಪಟಾಕಿಯ ಸದ್ದು ಆಗದು, ಯಾವುದಕ್ಕೆ ಬೆಲ್ಲದ ಆಸೆ ಎಂದು ಪಾಠ ಹೇಳತೊಡಗಿದಳು. ಅರ್ಜುನನೆಂಬ ಆನೆಯ ಕಥೆಯನ್ನು ಹೇಳಿದಳು. 2012ರಿಂದ 2019ರ ವರೆಗೆ ಎಂಟು ವರ್ಷ ಅಂಬಾರಿಯನ್ನು ಹೊತ್ತ ಆ ಆನೆ, 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ ಅದರೊಡನೆ ಹೋರಾಡಿ ಸತ್ತಿತು. ಪತ್ರಿಕೆಗಳಲ್ಲಿ ನಾವೆಲ್ಲ ಓದಿದ ಸುದ್ದಿ. ಆದರೆ ಅವಳು ಅದನ್ನು ಹೇಳಿದ್ದು ಸುದ್ದಿಯಂತಲ್ಲ. ಮನೆಯ ಹಿರಿಯರೊಬ್ಬರು ಹೋದದ್ದನ್ನು ಹೇಳುವಂತೆ. 2020ರಿಂದ 2025ರ ವರೆಗೆ ಅಂಬಾರಿಯನ್ನು ಹೊತ್ತ ಅಭಿಮನ್ಯುವನ್ನು ದೂರದಿಂದ ತೋರಿಸಿದಳು. ಐದು ಸಾವಿರ ಕಿಲೋಗಿಂತ ಹೆಚ್ಚು ತೂಗುವ ಆ ಮಹಾನುಭಾವ ನಮ್ಮ ಕಡೆಗೆ ತಿರುಗಿಯೂ ನೋಡಲಿಲ್ಲ. ಹೊರಡುವಾಗ ನಮ್ಮ ಮಗ ಜೇಬಿನಿಂದ ಕೊಬ್ಬರಿ ಮಿಠಾಯಿಯನ್ನು ತೆಗೆದು, ನಮ್ಮನ್ನು ಕೇಳದೆ, ಅವಳ ಕೈಯಲ್ಲಿಟ್ಟ. ಅವಳು ತಾಯಿಯ ಮುಖವನ್ನು ನೋಡಿ, ತಾಯಿ ಹೂಂ ಎಂದಮೇಲೆ ತೆಗೆದುಕೊಂಡಳು. ಮರ್ಯಾದೆಯೆಂಬುದನ್ನು ಅಂದು ಎರಡನೆಯ ಬಾರಿ ಕಲಿತೆವು.

ಮಧ್ಯಾಹ್ನ ಬೀದಿಯಲ್ಲಿ ಒಂದು ಡೊಳ್ಳಿನ ಮೇಳ ಎದುರಾಯಿತು. ಮೂರು ವರ್ಷದ ಮಗು ಮೊದಲ ಪೆಟ್ಟಿಗೇ ಚೀರಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. "ಏನೂ ಆಗುವುದಿಲ್ಲ, ನೋಡು" ಎಂದು ಬಲವಂತವಾಗಿ ಮುಂದಕ್ಕೆ ಹಿಡಿಯುವುದು ತಂದೆಯರ ಸ್ವಭಾವ. ನಮ್ಮ ಮನೆಯವರು ಹಾಗೆ ಮಾಡಗೊಡಲಿಲ್ಲ. ಮಗುವನ್ನು ಎತ್ತಿಕೊಂಡು ಐವತ್ತು ಹೆಜ್ಜೆ ಹಿಂದಕ್ಕೆ ಹೋದರು; ಅಲ್ಲಿ ನಿಂತು, ಡೊಳ್ಳಿನ ತಾಳಕ್ಕೆ ಮಗುವಿನ ಬೆನ್ನನ್ನು ತಟ್ಟುತ್ತ ಬಂದರು. ಹತ್ತು ನಿಮಿಷದಲ್ಲಿ ಮುಖ ಸೆರಗಿನಿಂದ ಹೊರಗೆ ಬಂದಿತು. ಕಾಲು ಗಂಟೆಯಲ್ಲಿ ಮಗುವೇ ತನ್ನ ಹೊಟ್ಟೆಯ ಮೇಲೆ ತಾಳ ಹಾಕತೊಡಗಿತು. ಹೊಸದರ ಭಯವನ್ನು ಕಳೆಯುವುದಕ್ಕೆ ದಾರಿ, ದೂರದಿಂದ ಹತ್ತಿರಕ್ಕೆ ಮೆಲ್ಲನೆ ಬರುವುದು, ನೂಕುವುದಲ್ಲ. ಇದು ಡೊಳ್ಳಿಗೂ ಸರಿ, ಜನಕ್ಕೂ ಸರಿ.

ಅಲ್ಲಿಂದ ಆಹಾರ ಮೇಳಕ್ಕೆ ಹೋದೆವು. ಜೋಳದ ರೊಟ್ಟಿ ಎಣ್ಣೆಗಾಯಿ, ನೀರುದೋಸೆ, ಕೊಡಗಿನ ಕಡುಬು, ರಾಗಿಮುದ್ದೆ ಸೊಪ್ಪಿನ ಸಾರು ಎಲ್ಲವೂ ಒಂದೇ ಅಂಗಳದಲ್ಲಿ. ಒಂದು ಸೀಮೆಯ ಅಡಿಗೆಯ ಹೊಗೆ ಇನ್ನೊಂದು ಸೀಮೆಯ ಅಡಿಗೆಯ ಹೊಗೆಯೊಡನೆ ಸೇರಿ ಮೇಲಕ್ಕೆ ಹೋಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಜನ ನೆರೆದಿದ್ದುದು ಆದಿವಾಸಿಗಳ ಅಂಗಡಿಯ ಮುಂದೆ. ಹಸಿರು ಬಿದಿರಿನ ಅಂಡೆಗಳಲ್ಲಿ ಅಕ್ಕಿಯನ್ನೂ ಮಾಂಸವನ್ನೂ ಮಸಾಲೆಯನ್ನೂ ತುಂಬಿ, ಬಾಯಿಗೆ ಎಲೆ ತುರುಕಿ, ಕೆಂಡದ ಮೇಲೆ ಸಾಲಾಗಿ ಒರಗಿಸಿದ್ದರು. ಇದೇ ದಸರೆಯಲ್ಲಿ ಹೆಸರಾದ ಬೊಂಬು ಬಿರಿಯಾನಿ. ನಮ್ಮ ಮನೆಯಲ್ಲಿ ಮಾಂಸದ ಊಟವಿಲ್ಲ. ಮಗಳು ಮೂಗು ಮುಚ್ಚಿಕೊಂಡು, "ಛೀ!" ಎಂದಳು.

ಬೆಳಗಿನ ಘಟನೆಯ ನೆನಪಿನಿಂದ ನಾವು ಬೆಚ್ಚಿದೆವು. ಆದರೆ ನಮ್ಮ ತಾಯಿಯವರು ಬೆಚ್ಚಲೂ ಇಲ್ಲ, ಗದರಿಸಲೂ ಇಲ್ಲ. ಅವಳನ್ನು ಪಕ್ಕಕ್ಕೆ ಕರೆದು ಹೀಗೆ ಹೇಳಿದರು: "ನೋಡು ಮಗು, ನಾನೂ ಅದನ್ನು ತಿನ್ನುವುದಿಲ್ಲ. ಬೇಡವೆಂದರೆ ಬೇಡ. ಒಲ್ಲೆ ಎನ್ನಬಹುದು, ಛೀ ಎನ್ನಬಾರದು. ಒಲ್ಲೆ ಎಂದರೆ ಅದು ನಿನ್ನ ನಾಲಗೆಯ ಮಾತು. ಛೀ ಎಂದರೆ ಇನ್ನೊಬ್ಬರ ತಟ್ಟೆಯ ಮಾತು. ಇನ್ನೊಬ್ಬರ ತಟ್ಟೆಯ ವಿಷಯ ನಿನಗೇಕೆ?"

ಮಕ್ಕಳ ಶಿಕ್ಷಣದ ವಿಷಯವಾಗಿ ನಾವು ಎಷ್ಟೋ ಗ್ರಂಥಗಳನ್ನು ಓದಿದ್ದೇವೆ. ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಉಪಯೋಗಕ್ಕೆ ಬರುವ ಸೂತ್ರವನ್ನು ಯಾವುದರಲ್ಲಿಯೂ ಕಾಣಲಿಲ್ಲ. ಅನೇಕರು ತಿಳಿದಿರುವಂತೆ, ಪರರನ್ನು ಗೌರವಿಸುವುದೆಂದರೆ ನಮ್ಮ ನೇಮಗಳನ್ನು ಬಿಡುವುದಲ್ಲ. ನಮ್ಮ ನೇಮಗಳನ್ನು ಉಳಿಸಿಕೊಳ್ಳುವುದೆಂದರೆ ಪರರನ್ನು ಹಳಿಯುವುದೂ ಅಲ್ಲ. ಒಲ್ಲೆ ಎಂಬುದಕ್ಕೂ ಛೀ ಎಂಬುದಕ್ಕೂ ನಡುವೆ ಒಂದು ಗೆರೆಯಿದೆ. ಆ ಗೆರೆಯನ್ನು ಆರು ವರ್ಷದ ಮಗುವೂ ತಿಳಿಯಬಲ್ಲದು, ಮೊದಲು ನಾವು ತಿಳಿದಿದ್ದರೆ.

ಅದೇ ಅಂಗಡಿಯಲ್ಲಿ ಬಿದಿರಕ್ಕಿಯ ಪಾಯಸವೂ ಇತ್ತು. ಬಿದಿರು ಹತ್ತಾರು ವರ್ಷಗಳಿಗೊಮ್ಮೆ ಹೂಬಿಟ್ಟು, ಅಕ್ಕಿಯಂಥ ಬೀಜವನ್ನು ಕೊಟ್ಟು, ಆಮೇಲೆ ಮೆಳೆಗೆ ಮೆಳೆಯೇ ಒಣಗಿಹೋಗುತ್ತದೆ. ನಮ್ಮ ತಾಯಿಯವರು ತಾವು ಚಿಕ್ಕವರಾಗಿದ್ದಾಗ ಒಮ್ಮೆ ಇದರ ರುಚಿ ನೋಡಿದ್ದುದನ್ನು ನೆನೆದು, ಅಕ್ಕಿಯನ್ನು ಹೇಗೆ ಆರಿಸುವಿರಿ, ಎಷ್ಟು ಹೊತ್ತು ನೆನೆಹಾಕುವಿರಿ ಎಂದು ಅಲ್ಲಿದ್ದ ಹೆಂಗಸರನ್ನು ವಿಚಾರಿಸಿದರು. ಅಡಿಗೆಯ ವಿಚಾರವನ್ನು ಕೇಳಿದರೆ ಕೋಪಿಸಿಕೊಳ್ಳುವ ಹೆಂಗಸರು ಯಾವ ಜನದಲ್ಲಿಯೂ ಇಲ್ಲ. ಕಾಲು ಗಂಟೆ ಮಾತು ನಡೆಯಿತು. ಒಪ್ಪತ್ತಿನ ವ್ರತದಲ್ಲಿದ್ದುದರಿಂದ ನಮ್ಮ ತಾಯಿಯವರು ಪಾಯಸವನ್ನು ಮುಟ್ಟಲಿಲ್ಲ. ಅದನ್ನು ಮರೆಮಾಚದೆ ಹೇಳಿದರು. ಅವರೂ ತಪ್ಪು ತಿಳಿಯಲಿಲ್ಲ. ಬದಲಿಗೆ ಒಂದು ಪಾವು ಬಿದಿರಕ್ಕಿಯನ್ನು ಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ಮಕ್ಕಳು ಪಾಯಸವನ್ನು ಎರಡೆರಡು ಸಾರಿ ತಿಂದರು.

ಸಂಜೆ ಏಳು ಗಂಟೆಗೆ ಅರಮನೆಯ ದೀಪಗಳು ಬೆಳಗಿದವು. ಸುಮಾರು ಒಂದು ಲಕ್ಷ ದೀಪಗಳು ಒಂದೇ ಕ್ಷಣದಲ್ಲಿ ಹೊತ್ತಿಕೊಂಡಾಗ ಅಲ್ಲಿದ್ದ ಸಾವಿರಾರು ಜನರ ಬಾಯಿಂದ ಬಂದ ಶಬ್ದ ಒಂದೇ. ಅದು ಯಾವ ಭಾಷೆಗೂ ಸೇರಿದ್ದಲ್ಲ. ನಮ್ಮ ಪಕ್ಕದಲ್ಲಿ ಕಲಬುರಗಿಯ ಕಡೆಯ ಒಂದು ಸಂಸಾರ, ಅದರ ಆಚೆ ತಮಿಳಿನವರು, ಹಿಂದೆ ಬುರುಖಾ ತೊಟ್ಟ ತಾಯಿಯ ಹೆಗಲ ಮೇಲೆ ಕುಳಿತ ಹುಡುಗಿ, ಸ್ವಲ್ಪ ದೂರದಲ್ಲಿ ಹುಲ್ಲಿನ ಮೇಲೆ ಕುಳಿತ ಯೂರೋಪಿನ ದಂಪತಿಗಳು. ಆಗ ನಮ್ಮ ಮಗ ಕೇಳಿದ: "ಅಪ್ಪ, ಈ ಹಬ್ಬ ಯಾರದು?"

ಬೆಳಗಿನಿಂದ ಪೆಟ್ಟು ತಿಂದಿದ್ದ ನಾವು ಅವಸರದಿಂದ ಉತ್ತರ ಹೇಳಲಿಲ್ಲ. "ಈ ಅರಮನೆಯನ್ನು ನೋಡು" ಎಂದೆವು. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಹೊಸದಕ್ಕೆ ನಕ್ಷೆಯನ್ನು ಬರೆದವನು ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ಶಿಲ್ಪಿ. ಕಟ್ಟಿ ಮುಗಿದದ್ದು 1912ರಲ್ಲಿ. ಮೇಲಿನ ಗುಮ್ಮಟಗಳು ಮುಸಲ್ಮಾನರ ಕಟ್ಟಡಗಳ ರೀತಿ, ಸುತ್ತಲೂ ದೇವಸ್ಥಾನಗಳು, ಒಳಗೆ ಚಾಮುಂಡೇಶ್ವರಿಯ ಭಕ್ತರಾದ ದೊರೆಗಳ ಸಿಂಹಾಸನ. ಅರ್ಮೇನಿಯ ವಂಶದ ತಂದೆಗೆ ಹುಟ್ಟಿ, 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ, ಗ್ರಾಮಫೋನಿನ ಮೂಲಕ ದೇಶಕ್ಕೆಲ್ಲ ಕೇಳಿಸಿದ ಗೌಹರ್ ಜಾನ್ ತನ್ನ ಕಡೆಗಾಲದಲ್ಲಿ, 1928ರಲ್ಲಿ, ಆಸ್ಥಾನದ ಗಾಯಕಿಯಾಗಿ ಬಂದು ನೆಲಸಿದ್ದು ಈ ಮೈಸೂರಿನಲ್ಲಿಯೇ; 1930ರ ಜನವರಿಯಲ್ಲಿ ಕಣ್ಮುಚ್ಚಿದ್ದೂ ಇಲ್ಲಿಯೇ. ಒಂದು ಕಾಲದಲ್ಲಿ ಅಂಬಾರಿಯಲ್ಲಿ ಮಹಾರಾಜರು ಕುಳಿತಿರುತ್ತಿದ್ದರು; ರಾಜತ್ವ ಹೋದಮೇಲೆ ದೇವಿಯ ಮೂರ್ತಿ ಕುಳಿತಿತು. ಹಬ್ಬವನ್ನು ನಡೆಸುವವರು ಬದಲಾದರು, ಹಬ್ಬ ನಿಲ್ಲಲಿಲ್ಲ. 2017ರಲ್ಲಿ ಅದನ್ನು ಉದ್ಘಾಟಿಸಿದವರು ಕವಿ ಕೆ. ಎಸ್. ನಿಸಾರ್ ಅಹಮದ್. 2025ರಲ್ಲಿ ಚಾಮುಂಡಿಬೆಟ್ಟದ ಮೇಲೆ ಉದ್ಘಾಟಿಸಿದವರು, ಅದೇ ವರ್ಷ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದ ನಮ್ಮ ಕನ್ನಡದ ಕಥೆಗಾರ್ತಿ ಬಾನು ಮುಷ್ತಾಕ್. ಅದು ಕೂಡದೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಆ ಆಕ್ಷೇಪವನ್ನು ತಳ್ಳಿಹಾಕಿದವು.

ಇಷ್ಟನ್ನೂ ಆರು ವರ್ಷದವನಿಗೆ ಹೇಳಿದೆವೆಂದು ವಾಚಕರು ತಿಳಿಯಬಾರದು. ಗುಮ್ಮಟದ ಮಾತು ಮುಗಿಯುವಷ್ಟರಲ್ಲಿಯೇ ಅವನ ಗಮನ ಪುಗ್ಗೆಯ ಕಡೆಗೆ ಹೋಗಿತ್ತು. ಮಿಕ್ಕದ್ದನ್ನು ಕೇಳಿದವಳು ಮಗಳು. ಅವಳು ಎಲ್ಲವನ್ನೂ ಕೇಳಿ, ರೈಲಿನಲ್ಲಿ ತಾನೇ ಕೇಳಿದ ಪ್ರಶ್ನೆಗೆ ತಾನೇ ಉತ್ತರ ಹೇಳಿಕೊಂಡಂತೆ, "ಹಾಗಾದರೆ ಬಂದವರದೆಲ್ಲ ಹಬ್ಬ" ಎಂದಳು. ತಮ್ಮ ಒಪ್ಪಲಿಲ್ಲ. "ಅಲ್ಲ, ಆನೆಯಿದ್ದವರದು ಹಬ್ಬ" ಎಂದ. ನಮ್ಮ ಮಟ್ಟಿಗೆ ಎರಡು ಉತ್ತರಗಳೂ ಸರಿಯೆಂದೇ ತೋರಿತು. ಹಬ್ಬವನ್ನು ಹೊತ್ತು ನಡೆಯುವವರು ಬಿಡಾರದಲ್ಲಿ ಬಟ್ಟೆ ಹರವುತ್ತಿದ್ದ ಆ ತಾಯಿಯಂಥವರು. ನಾವು ದೀಪ ನೋಡಿ ಹೋಗುವವರು.

ಹಿಂದಿರುಗುವ ರೈಲಿನಲ್ಲಿ ಮಕ್ಕಳು ಮೂವರೂ ನಿದ್ರೆಹೋದರು. ನಾವು ಮಾತ್ರ ಎಚ್ಚರವಾಗಿದ್ದು, ದಿನವೂ ಮನೆಯಲ್ಲಿ ಆಡುವ ಮಾತುಗಳ ಲೆಕ್ಕವನ್ನು ಹಾಕಿದೆವು. ಊಟಮಾಡದ ಮಗುವನ್ನು ಹೆದರಿಸುವುದಕ್ಕೆ ಯಾರ ಹೆಸರನ್ನು ಹೇಳುತ್ತೇವೆ? ಗಟ್ಟಿಯಾಗಿ ಕೂಗಿದರೆ ಯಾವ ಬೀದಿಯವರ ಹಾಗೆ ಎನ್ನುತ್ತೇವೆ? ಜಿಪುಣನಿಗೆ, ಕೊಳಕನಿಗೆ, ಮೊದ್ದನಿಗೆ ಯಾವ ಯಾವ ಜಾತಿಯ, ಊರಿನ, ಭಾಷೆಯ ಹೋಲಿಕೆಗಳನ್ನು ಕೊಡುತ್ತೇವೆ? ಕೋಪದಲ್ಲಿ ಆಡಿದ್ದು, ತಮಾಷೆಗೆ ಆಡಿದ್ದು ಎಂದು ನಾವು ಮರೆಯುತ್ತೇವೆ. ಮಗು ಮರೆಯುವುದಿಲ್ಲ, ಅದು ಮನೆಯಲ್ಲಿ ಕಲಿತ ಪಾಠ. ನಾವು ಎಣಿಸಿದಾಗ ಇಂಥ ಮಾತುಗಳು ಏಳು ಸಿಕ್ಕಿದವು. ಯಾರ ಮೇಲೂ ದ್ವೇಷವಿಲ್ಲವೆಂದು ಹೇಳಿಕೊಳ್ಳುವ ಮನೆಯಲ್ಲಿ ಏಳು! ವಾಚಕರೂ ಒಂದು ರಾತ್ರಿ ಹೀಗೆ ಎಣಿಸಿ ನೋಡಬೇಕೆಂದು ನಮ್ಮ ಬಿನ್ನಹ. ಎಣಿಕೆ ನಮಗಿಂತ ಕಡಮೆ ಬಂದರೆ ನಮಗೆ ಸಂತೋಷವೇ.

ಮಕ್ಕಳನ್ನು ಇಂಥ ಹಬ್ಬಗಳಿಗೆ ಕರೆದುಕೊಂಡು ಹೋಗಬಹುದೆ ಎಂಬ ಮೊದಲಿನ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಅವಶ್ಯವಾಗಿ ಕರೆದುಕೊಂಡು ಹೋಗಬೇಕು. ಜನ ಕಡಮೆಯಿರುವ ದಿನವನ್ನೂ ಬೆಳಗಿನ ಹೊತ್ತನ್ನೂ ಆರಿಸಬೇಕು. ಹತ್ತು ನೋಟಗಳನ್ನು ಓಡುತ್ತ ನೋಡುವುದಕ್ಕಿಂತ ಮೂರನ್ನು ನಿಂತು ನೋಡಬೇಕು. ಮನುಷ್ಯರನ್ನು ಪ್ರಾಣಿಗಳಂತೆ ಬೆರಳುಮಾಡಿ ತೋರಿಸದೆ, ಹತ್ತಿರ ಹೋಗಿ ಒಂದು ಮಾತನ್ನಾದರೂ ಆಡಬೇಕು. ಮಗು ತಪ್ಪು ಮಾತನಾಡಿದರೆ ಹೊಡೆದು ಬಾಯಿಮುಚ್ಚಿಸದೆ, ಅದರ ಎದುರಿನಲ್ಲಿಯೇ ದೊಡ್ಡವರು ಕ್ಷಮೆಯನ್ನು ಕೇಳಬೇಕು. ಕ್ಷಮೆ ಕೇಳುವ ರೀತಿಯನ್ನು ಮಗು ಬೇರೆಲ್ಲಿ ಕಲಿಯಬೇಕು? ಮತ್ತು ಹೊರಡುವುದಕ್ಕೆ ಒಂದು ತಿಂಗಳು ಮುಂಚಿನಿಂದ ದೊಡ್ಡವರು ತಮ್ಮ ನಾಲಗೆಗೆ ತಾಲೀಮು ಮಾಡಿಸಬೇಕು.

ಈ ಕಡೆಯ ಮಾತನ್ನು ಬರೆಯುವುದು ಸುಲಭ. ಹಬ್ಬ ಕಳೆದು ಹತ್ತು ದಿನವೂ ಆಗಿರಲಿಲ್ಲ. ಒಂದು ಬೆಳಗ್ಗೆ ಶಾಲೆಗೆ ಹೊತ್ತಾಗುತ್ತಿತ್ತು. ಮಗ ಎಂದಿನಂತೆ ಬಚ್ಚಲಿಗೆ ಹೋಗದೆ ಕುಳಿತಿದ್ದ. ಹಳೆಯ ಮಾತು ನಮ್ಮ ತುಟಿಯವರೆಗೂ ಬಂದಿತು. "ಕಾಡಿ..." ಎಂದೆವು. ಮಗಳು ಪುಸ್ತಕದಿಂದ ತಲೆಯೆತ್ತಿ ನಮ್ಮನ್ನೇ ನೋಡಿದಳು. ಮಾತು ಅಲ್ಲಿಯೇ ನಿಂತಿತು. ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಮಗ ತಾನಾಗಿ ಎದ್ದು ಬಚ್ಚಲಿಗೆ ಹ��ಗಿ, ಕೈಕಾಲು ನಾಲ್ಕನ್ನೂ ನೆಲಕ್ಕೆ ಊರಿ ನಿಂತು, "ನಾನು ಅಭಿಮನ್ಯು. ಬೆನ್ನು ತಿಕ್ಕು ಬಾ ಅಪ್ಪ" ಎಂದು ಕೂಗಿದ.

ಹೋಗಿ ತಿಕ್ಕಿದೆವು. ಕಾವಾಡಿಯ ಮಾತು ನಿಜ. ಅರ್ಧ ನೀರು ನಮ್ಮ ಮೈಮೇಲೆಯೇ ಬಿದ್ದಿತು.